ಕಲ್ಪಿತ ಭಾಷೆ ಕಲಿಯುವವರಿಗೆ: ನಂಬಬಹುದಾದ ಆಕರಗಳನ್ನು ಆರಿಸುವ ಬಗೆ

ಮುಂಬಯಿ, ಥಾಣೆ, ಡೊಂಬಿವಲಿ ಮತ್ತು ಪುಣೆಯ ಕನ್ನಡ ಓದುಗರಿಂದ, ಅದರಲ್ಲೂ ಕಾಲೇಜು ವಯಸ್ಸಿನವರಿಂದ, ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಕಾದಂಬರಿಗಾಗಿಯೋ ಚಲನಚಿತ್ರಕ್ಕಾಗಿಯೋ ಒಬ್ಬರು ಕುಳಿತು ಕಟ್ಟಿದ ಭಾಷೆಯನ್ನು ಕಲಿಯಬೇಕೆಂದರೆ ಯಾವ ಪುಸ್ತಕ ಕೊಳ್ಳಬೇಕು, ಯಾವ ಜಾಲತಾಣವನ್ನು ನಂಬಬೇಕು, ಮೊಬೈಲಿನ ಆ್ಯಪ್ ಒಂದೇ ಸಾಕೇ? ಕೆಲವರಿಗೆ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಕ್ವೆನ್ಯಾ ಬೇಕು, ಕೆಲವರಿಗೆ ಸ್ಟಾರ್ ಟ್ರೆಕ್‌ನ ಕ್ಲಿಂಗಾನ್, ‘ಬಾಹುಬಲಿ’ ನೋಡಿ ಬಂದವರಿಗೆ ಕಾಲಕೇಯರ ಕಿಲಿಕಿ. ಮಗಳ ಆಸಕ್ತಿಗೆ ಹಣ ಹಾಕಬಹುದೇ ಎಂದು ವಿಚಾರಿಸುವ ತಂದೆತಾಯಿಯರೂ ಇದ್ದಾರೆ. ಹಣ ಹಾಕಬಹುದು, ಆದರೆ ಮೊದಲ ವಾರವೇ ಹಾಕಬೇಕಾಗಿಲ್ಲ. ಈ ಭಾಷೆಗಳ ಒಳ್ಳೆಯ ಸಾಮಗ್ರಿಯಲ್ಲಿ ಹೆಚ್ಚಿನ ಪಾಲು ಉಚಿತವಾಗಿಯೇ ದೊರೆಯುತ್ತದೆ. ಕೆಟ್ಟ ಸಾಮಗ್ರಿಯೂ ಅಷ್ಟೇ ಸುಲಭವಾಗಿ ದೊರೆಯುವುದರಿಂದ ಎರಡನ್ನೂ ಬೇರ್ಪಡಿಸುವ ಕ್ರಮ ತಿಳಿದಿರಬೇಕು.

ಕನ್ನಡವನ್ನು ತಪ್ಪಾಗಿ ಆಡಿದರೆ ಮಾಟುಂಗಾದ ಮಾರುಕಟ್ಟೆಯಲ್ಲಿ ಯಾರಾದರೊಬ್ಬರು ನಕ್ಕು ತಿದ್ದುತ್ತಾರೆ. ಕಲ್ಪಿತ ಭಾಷೆಯನ್ನು ತಪ್ಪಾಗಿ ಆಡಿದರೆ ತಿದ್ದಲು ಹುಟ್ಟು ಭಾಷಿಕರೇ ಇಲ್ಲ. ಅಲ್ಲಿ ಪ್ರಮಾಣವಾಗಿ ಉಳಿಯುವುದು ಭಾಷೆ ಕಟ್ಟಿದವರು ಬರೆದಿಟ್ಟದ್ದು, ಪ್ರಕಟಿಸಿದ್ದು ಮತ್ತು ಒಪ್ಪಿದ್ದು ಮಾತ್ರ. ಹೀಗಾಗಿ ಆಕರವನ್ನು ತೂಗುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಒಂದನ್ನೇ: ಪ್ರತಿ ಪದವೂ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುತ್ತದೆಯೇ? ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ತೆರೆದವರಿಗೆ ಇದು ಹೊಸದಲ್ಲ. ಅಲ್ಲಿ ಅರ್ಥದ ಬೆನ್ನಿಗೇ ಪ್ರಯೋಗವಿರುತ್ತದೆ, ಆ ಪ್ರಯೋಗ ಯಾವ ಕಾವ್ಯದ್ದು, ಯಾವ ಶಾಸನದ್ದು ಎಂಬ ಸೂಚನೆಯೂ ಇರುತ್ತದೆ. ಅದೇ ಶಿಸ್ತನ್ನು ಇಲ್ಲಿಯೂ ನಿರೀಕ್ಷಿಸಿ. ನೋಟಕ್ಕೆ ಎಷ್ಟೇ ಅಂದವಾಗಿದ್ದರೂ ಮೂಲವನ್ನು ಹೇಳದ ಪದಪಟ್ಟಿ ನಿಮ್ಮ ಸಮಯಕ್ಕೆ ಯೋಗ್ಯವಲ್ಲ.

ಮುಂದೆ ಬರುವ ಕೆಲವು ಪಾರಿಭಾಷಿಕ ಪದಗಳನ್ನು ಮೊದಲೇ ವಿವರಿಸಿಬಿಡುತ್ತೇನೆ. ಭಾಷೆ ಕಟ್ಟಿದವರ ಬರಹದಲ್ಲಿಯೇ ಕಾಣಸಿಗುವ ಪದ ‘ದಾಖಲಿತ ರೂಪ’. ದಾಖಲೆಯಲ್ಲಿ ನೇರವಾಗಿ ಇಲ್ಲದಿದ್ದರೂ ಅವರದೇ ನಿಯಮಗಳನ್ನು ಅನ್ವಯಿಸಿ ವಿದ್ವಾಂಸರು ಊಹಿಸಿದ್ದು ‘ಪುನರ್ರಚಿತ ರೂಪ’. ಭಾಷಾಶಾಸ್ತ್ರದ ರೂಢಿಯಂತೆ ಇದರ ಮುಂದೆ ನಕ್ಷತ್ರ ಚಿಹ್ನೆ ಹಾಕುತ್ತಾರೆ. ಬೇಕಾದ ಪದ ಇಲ್ಲವೆಂದು ಅಭಿಮಾನಿಗಳು ಹೊಸದಾಗಿ ಟಂಕಿಸಿದ್ದು ‘ನವರಚನೆ’. ‘ಕ್ಯಾನನ್’ ಎಂಬ ಮಾತು ಅಭಿಮಾನಿ ವಲಯಗಳಲ್ಲಿ ಸದಾ ಕಿವಿಗೆ ಬೀಳುತ್ತದೆ; ಅಧಿಕೃತವೆಂದು ಎಲ್ಲರೂ ಒಪ್ಪಿದ ಆಕರಗಳ ಸಮೂಹ ಎಂದು ಅದರ ಅರ್ಥ.

ಹಂತ 1: ಕಲಿಯಬೇಕಾದ ಭಾಷೆ ಯಾವುದೆಂದು ಖಚಿತಪಡಿಸಿಕೊಳ್ಳಿ

‘ಎಲ್ವಿಷ್ ಕಲಿಯಬೇಕು’ ಎನ್ನುವವರು ಮೊದಲು ತಿಳಿಯಬೇಕಾದದ್ದು, ಆ ಹೆಸರಿನ ಒಂದು ಭಾಷೆ ಇಲ್ಲ ಎಂಬುದು. ತಮ್ಮ ಕಥೆಗಳ ಎಲ್ಫ್ ಜನರಿಗಾಗಿ ಟೋಲ್ಕಿನ್ ಒಂದು ಭಾಷಾ ಕುಟುಂಬವನ್ನೇ ಕಟ್ಟಿದರು. ಅದರಲ್ಲಿ ಕಲಿಯುವಷ್ಟು ಸಾಮಗ್ರಿ ಉಳ್ಳವು ಮುಖ್ಯವಾಗಿ ಎರಡು: ಫಿನ್ನಿಷ್ ಭಾಷೆಯ ಪ್ರಭಾವವಿರುವ ಕ್ವೆನ್ಯಾ ಮತ್ತು ವೆಲ್ಷ್ ಭಾಷೆಯ ನಾದವಿರುವ ಸಿಂಡರಿನ್. ಎರಡನ್ನೂ ಬೆರೆಸಿ ‘ಎಲ್ವಿಷ್ ಪದಕೋಶ’ ಎಂದು ಹೆಸರಿಟ್ಟಿರುವ ಆಕರವನ್ನು ಅಲ್ಲಿಯೇ ಬದಿಗಿಡಬಹುದು. ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯಲ್ಲಿ ಕೇಳುವ ವಲೀರಿಯನ್ ವಿಷಯದಲ್ಲಿಯೂ ‘ಹೈ ವಲೀರಿಯನ್’ ಬೇರೆ, ಅದರಿಂದ ಒಡೆದುಬಂದ ಊರೂರಿನ ಆಡುನುಡಿಗಳು ಬೇರೆ. ಎಸ್ಪೆರಾಂಟೊ ಈ ಗುಂಪಿಗೆ ಸೇರುವುದಿಲ್ಲ; ಅದು 1887ರಲ್ಲಿ ಜನಬಳಕೆಗೆಂದೇ ಪ್ರಕಟವಾದ ಭಾಷೆ, ಅದಕ್ಕೆ ಈಗ ಅದರದೇ ಆದ ಭಾಷಿಕ ಸಮುದಾಯವಿದೆ.

ಹಂತ 2: ಕೊನೆಯ ಮಾತು ಯಾರದೆಂದು ಗುರುತಿಸಿ

ಪ್ರತಿ ಕಲ್ಪಿತ ಭಾಷೆಗೂ ಒಬ್ಬ ಪ್ರಮಾಣಪುರುಷ ಇರುತ್ತಾನೆ. ಆತ ಬದುಕಿದ್ದಾನೆಯೇ, ಈಗಲೂ ಪದಗಳನ್ನು ಸೇರಿಸುತ್ತಿದ್ದಾನೆಯೇ ಎಂಬುದರ ಮೇಲೆ ನೀವು ಆಕರ ಹುಡುಕುವ ಬಗೆಯೇ ಬದಲಾಗುತ್ತದೆ.

ಕ್ಲಿಂಗಾನ್ ಭಾಷೆಯನ್ನು ಪೂರ್ಣಪ್ರಮಾಣದಲ್ಲಿ ಕಟ್ಟಿದವರು ಭಾಷಾಶಾಸ್ತ್ರಜ್ಞ ಮಾರ್ಕ್ ಓಕ್ರ್ಯಾಂಡ್. 1984ರ ಸ್ಟಾರ್ ಟ್ರೆಕ್ ಚಿತ್ರಕ್ಕಾಗಿ ಕೆಲಸ ಮಾಡಿದ ಅವರು 1985ರಲ್ಲಿ ‘ದ ಕ್ಲಿಂಗಾನ್ ಡಿಕ್ಷನರಿ’ ಪ್ರಕಟಿಸಿದರು. 1992ರಲ್ಲಿ ಅದಕ್ಕೆ ಅನುಬಂಧ ಸೇರಿತು. ಈ ಸಮುದಾಯದ ಕಟ್ಟುನಿಟ್ಟು ಮೆಚ್ಚುವಂಥದ್ದು: ಓಕ್ರ್ಯಾಂಡ್ ಕೊಡದ ಪದವನ್ನು ಅವರು ಪದವೆಂದೇ ಒಪ್ಪುವುದಿಲ್ಲ. 1992ರಲ್ಲಿಯೇ ಆರಂಭವಾದ ಕ್ಲಿಂಗಾನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಅವರಿಂದ ಬಂದ ಹೊಸ ಪದಗಳನ್ನು ಸಂಗ್ರಹಿಸಿ ಪ್ರಕಟಿಸುತ್ತದೆ. ಹೀಗಾಗಿ ಕ್ಲಿಂಗಾನ್ ಕಲಿಯುವವರ ದಾರಿ ಬಹುಮಟ್ಟಿಗೆ ನೇರವಾಗಿದೆ. ಮೂಲ ನಿಘಂಟು, ಅದರ ವ್ಯಾಕರಣ ಭಾಗ, ಆಮೇಲೆ ಸಂಸ್ಥೆಯ ಹೊಸ ಪದಗಳ ಪಟ್ಟಿ, ಇಷ್ಟೇ.

ನಾವಿ ಭಾಷೆಯ ಪ್ರಮಾಣ ಪಾಲ್ ಫ್ರೋಮರ್. 2009ರ ‘ಅವತಾರ್’ ಚಿತ್ರಕ್ಕೆ ಭಾಷೆ ಕಟ್ಟಿಕೊಟ್ಟ ಮೇಲೂ ಅವರು ಹೊಸ ಪದಗಳನ್ನೂ ವ್ಯಾಕರಣದ ಸ್ಪಷ್ಟೀಕರಣಗಳನ್ನೂ ತಮ್ಮದೇ ತಾಣದಲ್ಲಿ ಕೊಡುತ್ತ ಬಂದಿದ್ದಾರೆ. ‘ಗೇಮ್ ಆಫ್ ಥ್ರೋನ್ಸ್’ನ ಎರಡು ಭಾಷೆಗಳಾದ ಡೊಥ್ರಾಕಿ ಮತ್ತು ಹೈ ವಲೀರಿಯನ್‌ಗೆ ಡೇವಿಡ್ ಪೀಟರ್ಸನ್. ಇಲ್ಲಿ ಒಂದು ಸೂಕ್ಷ್ಮವಿದೆ. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಪುಸ್ತಕಗಳಲ್ಲಿ ಬಳಸಿದ್ದು ಕೆಲವೇ ಪದ, ಕೆಲವೇ ವಾಕ್ಯ. ವ್ಯಾಕರಣ ಬಂದದ್ದು 2011ರಲ್ಲಿ ಆರಂಭವಾದ ಟಿವಿ ಸರಣಿಗಾಗಿ ಪೀಟರ್ಸನ್ ಮಾಡಿದ ಕೆಲಸದಿಂದ. ಕಾದಂಬರಿಯಲ್ಲಿ ಹುಡುಕಿ ವ್ಯಾಕರಣ ಸಿಗಲಿಲ್ಲವೆಂದು ದೂರಿದರೆ ಪ್ರಯೋಜನವಿಲ್ಲ.

ಕಿಲಿಕಿಯನ್ನು ರೂಪಿಸಿದವರು ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ. 2015ರ ಚಿತ್ರದಲ್ಲಿ ಕೇಳಿಸುವುದು ಭಾಷೆಯ ಸಣ್ಣ ಭಾಗ. 2020ರಲ್ಲಿ ಅದನ್ನು ವಿಸ್ತರಿಸಿ, ಲಿಪಿಯೊಂದಿಗೆ, ಪ್ರತ್ಯೇಕ ಜಾಲತಾಣದಲ್ಲಿ ಪ್ರಕಟಿಸಲಾಯಿತು. ಚಿತ್ರದ ಸಂಭಾಷಣೆಯನ್ನು ಕಿವಿಯಲ್ಲಿ ಕೇಳಿ ಬರೆದುಕೊಂಡ ಪಟ್ಟಿಗಳು ಯೂಟ್ಯೂಬಿನಲ್ಲಿ ಹರಿದಾಡುತ್ತವೆ. ಅವುಗಳನ್ನು ಆ ಜಾಲತಾಣದೊಂದಿಗೆ ತಾಳೆ ನೋಡದೆ ಬಳಸಬೇಡಿ.

ಹಂತ 3: ಇಸವಿ ನೋಡಿ (ಟೋಲ್ಕಿನ್ ಓದುಗರು ಇಲ್ಲಿ ನಿಧಾನಿಸಬೇಕು)

ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಅಲ್ಲಿಗೆ ಅವರ ಭಾಷೆಗಳು ಸ್ಥಿರವಾಗಬೇಕಿತ್ತು. ಆದರೆ ಆದದ್ದು ಬೇರೆ. ಅವರು ಹತ್ತಿರ ಹತ್ತಿರ ಅರವತ್ತು ವರ್ಷ ಈ ಭಾಷೆಗಳನ್ನು ತಿದ್ದುತ್ತಲೇ ಇದ್ದರು. ಆ ತಿದ್ದುಪಡಿಗಳ ಹಸ್ತಪ್ರತಿಗಳು ಅವರ ಮರಣಾನಂತರ ಕಂತುಕಂತಾಗಿ ಹೊರಬಂದವು. 1915ರ ಸುಮಾರಿಗೆ ಬರೆಯಲು ತೊಡಗಿದ ‘ಕ್ವೆನ್ಯಾ ಲೆಕ್ಸಿಕನ್’ ಪ್ರಕಟವಾದದ್ದು 1998ರಲ್ಲಿ. 1930ರ ದಶಕದ ಕೊನೆಯ ‘ಎಟಿಮಾಲಜೀಸ್’ ಎಂಬ ಧಾತುಕೋಶ ಪ್ರಕಟವಾದದ್ದು 1987ರಲ್ಲಿ. ಅಂದರೆ ಪ್ರಕಟಣೆಯ ಇಸವಿಗೂ ಬರೆದ ಇಸವಿಗೂ ಸಂಬಂಧವೇ ಇಲ್ಲ. ಇತ್ತೀಚೆಗೆ ಪ್ರಕಟವಾದದ್ದೇ ಕೊನೆಯ ತೀರ್ಮಾನ ಎಂದುಕೊಳ್ಳುವ ಕಲಿಕೆಗಾರ 1915ರ ಪದಕ್ಕೆ 1950ರ ದಶಕದ ಪ್ರತ್ಯಯ ಅಂಟಿಸಿ, ಯಾವ ಕಾಲದಲ್ಲಿಯೂ ಇರದಿದ್ದ ವಾಕ್ಯವೊಂದನ್ನು ಕಟ್ಟುತ್ತಾನೆ.

ಇದರಿಂದ ಎಂಥ ಗೊಂದಲ ಹುಟ್ಟುತ್ತದೆ ಎಂಬುದಕ್ಕೆ ಕ್ವೆನ್ಯಾದ ‘ಲಾ’ ಎಂಬ ಚಿಕ್ಕ ಪದವೇ ಸಾಕ್ಷಿ. ಒಂದು ಘಟ್ಟದ ಬರಹದಲ್ಲಿ ಅದು ನಿಷೇಧಾರ್ಥಕ. ಇನ್ನೊಂದು ಘಟ್ಟದಲ್ಲಿ ಟೋಲ್ಕಿನ್ ಮನಸ್ಸು ಬದಲಿಸಿದಾಗ ಅದು ‘ಹೌದು’ ಎಂಬ ಅರ್ಥಕ್ಕೆ ತಿರುಗುತ್ತದೆ. ಘಟ್ಟವನ್ನು ಹೇಳದ ಪದಪಟ್ಟಿ ಇವೆರಡರಲ್ಲಿ ಒಂದನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತದೆ. ಹಾಗೆಯೇ ‘ಎಟಿಮಾಲಜೀಸ್’ನಲ್ಲಿ ‘ನೊಲ್ಡೊರಿನ್’ ಎಂದು ಗುರುತಿಸಿರುವ ಭಾಷೆಯನ್ನೇ ಟೋಲ್ಕಿನ್ ಮುಂದೆ ಸಿಂಡರಿನ್ ಆಗಿ ಮಾರ್ಪಡಿಸಿದರು. ಆ ಪದಗಳನ್ನು ಧ್ವನಿನಿಯಮಕ್ಕೆ ತಕ್ಕಂತೆ ಹೊಂದಿಸದೆ ‘ಸಿಂಡರಿನ್’ ಎಂಬ ಶೀರ್ಷಿಕೆಯ ಕೆಳಗೆ ತುಂಬಿರುವ ಪಟ್ಟಿಗಳು ಇಂದಿಗೂ ಬಹಳ ಇವೆ.

ಇದಕ್ಕೆ ಪರಿಹಾರವಾಗಿ ಇಂದು ಎಲ್ಲರೂ ಬಳಸುವುದು ಪಾಲ್ ಸ್ಟ್ರ್ಯಾಕ್ ಸಂಪಾದಿಸಿರುವ ‘ಎಲ್ಡಾಮೊ’ ಎಂಬ ಉಚಿತ ಕೋಶ. ಅದು ಪದಗಳನ್ನು ಆರಂಭ, ಮಧ್ಯ, ಅಂತ್ಯ ಎಂಬ ಮೂರು ಕಾಲಘಟ್ಟಗಳಾಗಿ ವಿಂಗಡಿಸುತ್ತದೆ, ಪ್ರತಿ ರೂಪಕ್ಕೂ ಗ್ರಂಥ ಮತ್ತು ಪುಟವನ್ನು ಸೂಚಿಸುತ್ತದೆ, ನವರಚನೆಗಳನ್ನು ಬೇರೆಯಾಗಿ ಗುರುತಿಸುತ್ತದೆ. ‘ಪಾರ್ಫ್ ಎಡೆಲ್ಲೆನ್’ ಹಲವು ಕೋಶಗಳನ್ನು ಒಟ್ಟಿಗೆ ಹುಡುಕಿಕೊಡುವ ತಾಣ. ಬಹಳ ಅನುಕೂಲಕರ, ಆದರೆ ಪದದ ಕೆಳಗೆ ಅದು ಯಾವ ಕೋಶದ್ದೆಂದು ಬರೆದಿರುವ ಸಾಲನ್ನು ಓದದೆ ಮುಂದೆ ಹೋಗಬೇಡಿ. ಹಳೆಯ ಪಾಠಮಾಲೆಗಳ ಬಗ್ಗೆಯೂ ಒಂದು ಮಾತು. ‘ಆರ್ಡಲಂಬಿಯನ್’ ತಾಣದ ಹೆಲ್ಗೆ ಫೌಸ್ಕಾಂಗರ್ ಅವರ ಕ್ವೆನ್ಯಾ ಪಾಠಗಳು ವಿವರಣೆಯ ದೃಷ್ಟಿಯಿಂದ ಈಗಲೂ ಸೊಗಸಾಗಿವೆ. ಆದರೆ ಟೋಲ್ಕಿನ್ ಅವರ ಭಾಷಾ ಹಸ್ತಪ್ರತಿಗಳನ್ನು ಪ್ರಕಟಿಸುವ ‘ಪರ್ಮಾ ಎಲ್ದಲಂಬೆರೊನ್’ ಪತ್ರಿಕೆಯ 17ನೇ ಸಂಚಿಕೆ 2007ರಲ್ಲಿ ಹೊರಬಂದ ಮೇಲೆ ಮತ್ತು ಆಮೇಲಿನ ಸಂಚಿಕೆಗಳಿಂದ ಎಷ್ಟೋ ತೀರ್ಮಾನಗಳು ಬದಲಾಗಿವೆ. ಅಂಥ ಪಾಠಗಳನ್ನು ವಿವರಣೆಗಾಗಿ ಓದಿ, ಪದಗಳನ್ನು ಹೊಸ ಕೋಶದಲ್ಲಿ ತಾಳೆ ನೋಡಿ.

ಚಲನಚಿತ್ರಗಳಲ್ಲಿ ಕೇಳುವ ಸಿಂಡರಿನ್‌ಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. 2001ರಿಂದ 2003ರವರೆಗೆ ಬಂದ ಮೂರು ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಆ ಸಂಭಾಷಣೆಗಳನ್ನು ಸಿದ್ಧಪಡಿಸಿದವರು ಡೇವಿಡ್ ಸಾಲೊ. ಅವು ಪರಿಶ್ರಮದ ಪುನರ್ರಚನೆಗಳು. ಟೋಲ್ಕಿನ್ ಬರೆದ ವಾಕ್ಯಗಳಲ್ಲ.

ಹಂತ 4: ಐದು ಪದಗಳ ಪರೀಕ್ಷೆ ಮಾಡಿ

ಯಾವುದೇ ಹೊಸ ಪುಸ್ತಕ, ತಾಣ ಅಥವಾ ವಿಡಿಯೊ ಕಂಡಾಗ ಅದರಿಂದ ಐದು ಪದಗಳನ್ನು ಆರಿಸಿ. ಎರಡು ತೀರ ಸಾಮಾನ್ಯ ಪದಗಳಿರಲಿ (ನೀರು, ಮರ), ಎರಡು ಕ್ರಿಯಾಪದಗಳಿರಲಿ, ಒಂದು ಆ ಕಾಲ್ಪನಿಕ ಲೋಕದಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತುವಿನ ಪದವಾಗಿರಲಿ: ಮೊಬೈಲ್, ಲೋಕಲ್ ರೈಲು, ವಡಾಪಾವ್. ಮೊದಲ ನಾಲ್ಕನ್ನು ಮೇಲೆ ಹೇಳಿದ ಪ್ರಮಾಣಕೋಶದಲ್ಲಿ ಹುಡುಕಿ. ಐದನೆಯದಕ್ಕೆ ಆಕರ ಹೇಗೆ ಉತ್ತರಿಸುತ್ತದೆ ಎಂಬುದೇ ನಿಜವಾದ ಪರೀಕ್ಷೆ. ‘ಇಲ್ಲ’ ಎಂದರೂ ಸರಿ, ‘ಇದು ಅಭಿಮಾನಿಗಳ ನವರಚನೆ’ ಎಂದರೂ ಸರಿ. ಎಲ್ಲ ಪದಗಳಂತೆ ಅದನ್ನೂ ನಿಸ್ಸಂಕೋಚವಾಗಿ ಕೊಟ್ಟರೆ, ಉಳಿದ ನಾಲ್ಕು ಸರಿಯಿದ್ದರೂ ಆ ಆಕರವನ್ನು ನಾನು ಬಳಸಲಾರೆ.

ನವರಚನೆಗಳೇ ತಪ್ಪೆಂದು ಇದರ ಅರ್ಥವಲ್ಲ. ಸಿಂಡರಿನ್‌ನಲ್ಲಿ ಪತ್ರ ಬರೆಯಬೇಕೆಂದರೆ ಅವಿಲ್ಲದೆ ಒಂದು ಪುಟವೂ ಸಾಗದು. ಅವುಗಳನ್ನು ಮೂಲದೊಂದಿಗೆ ಬೆರೆಸಿ ಮುಚ್ಚಿಡುವುದಷ್ಟೇ ಆಕ್ಷೇಪಾರ್ಹ.

ಹಂತ 5: ಉಚ್ಚಾರ ಮತ್ತು ಲಿಪಿಯ ಆಕರವನ್ನು ಪ್ರತ್ಯೇಕವಾಗಿ ಆರಿಸಿ

ಪದಗಳಿಗೆ ಒಳ್ಳೆಯದಾದ ಆಕರ ಉಚ್ಚಾರಕ್ಕೂ ಒಳ್ಳೆಯದಾಗಿರಬೇಕೆಂದಿಲ್ಲ. ನಟರು ಹೇಳಿದ್ದು ಪ್ರಮಾಣವೂ ಅಲ್ಲ. ‘ಖಲೀಸಿ’ ಎಂದು ಸರಣಿಯಲ್ಲಿ ಕೇಳುವ ಉಚ್ಚಾರ ಡೊಥ್ರಾಕಿಯ ನಿಯಮಕ್ಕೆ ಹೊಂದುವುದಿಲ್ಲವೆಂದು ಅದನ್ನು ಕಟ್ಟಿದ ಪೀಟರ್ಸನ್ ಅವರೇ ಹೇಳಿದ್ದಾರೆ.

ಇಂಗ್ಲಿಷ್ ಓದುಗರಿಗಾಗಿ ಬರೆದ ಉಚ್ಚಾರ ಪಾಠಗಳು ನಮಗೆ ಅರ್ಧ ಉಪಯುಕ್ತ, ಅರ್ಧ ಗೊಂದಲಕರ. ಕ್ಲಿಂಗಾನ್‌ನ ದೊಡ್ಡಕ್ಷರದ ‘ಡಿ’ ನಮ್ಮ ಡಕಾರಕ್ಕೆ ಸಮೀಪ, ದೊಡ್ಡಕ್ಷರದ ‘ಎಸ್’ ಷಕಾರಕ್ಕೆ ಸಮೀಪ. ನಾಲಿಗೆಯನ್ನು ಹಿಂದಕ್ಕೆ ಮಡಿಸುವುದು ಹೇಗೆಂದು ಪುಟಗಟ್ಟಲೆ ಹೇಳುವ ಪಾಠವನ್ನು ನಾವು ದಾಟಿ ಹೋಗಬಹುದು. ನಾವಿಯ ‘ತ್ಸ’ ಧ್ವನಿ ಮುಂಬಯಿ ಮತ್ತು ಪುಣೆಯ ಕನ್ನಡಿಗರಿಗೆ ಮರಾಠಿಯ ‘ಚಾಂಗಲಾ’ ಪದದ ಮೊದಲ ವ್ಯಂಜನದಿಂದ ಚೆನ್ನಾಗಿ ಪರಿಚಿತ. ಕ್ವೆನ್ಯಾ ಮತ್ತು ಹೈ ವಲೀರಿಯನ್‌ನಲ್ಲಿ ಹ್ರಸ್ವ-ದೀರ್ಘ ಸ್ವರಗಳ ಭೇದವಿದೆ, ಅದೂ ನಮಗೆ ಕಷ್ಟವಲ್ಲ. ಸಿಂಡರಿನ್‌ನಲ್ಲಿ ಕೆಲವು ಸಂದರ್ಭಗಳಲ್ಲಿ ಪದಾದಿಯ ಕ, ತ, ಪ ಧ್ವನಿಗಳು ಗ, ದ, ಬ ಆಗುತ್ತವೆ. ಇಂಗ್ಲಿಷ್ ಪಾಠಗಳು ದೊಡ್ಡ ಕೋಷ್ಟಕ ಹಾಕಿ ಹೆದರಿಸುವ ಈ ವಿಷಯವನ್ನು ‘ಮಳೆಗಾಲ’ ಎಂಬಲ್ಲಿನ ಆದೇಶಸಂಧಿಯನ್ನು ಬಲ್ಲವರು ಬೇಗ ಹಿಡಿಯುತ್ತಾರೆ. ಆದರೆ ಅಲ್ಲಿ ಬದಲಾವಣೆಯ ಬಗೆಗಳು ಇನ್ನೂ ಹಲವಿವೆ, ಅವು ಯಾವಾಗ ಬರುತ್ತವೆ ಎಂಬ ನಿಯಮವೂ ಬೇರೆ ಎಂಬುದನ್ನು ನೆನಪಿಡಿ.

ಹಾಗೆಂದು ಪದಗಳನ್ನು ಕನ್ನಡ ಲಿಪಿಯಲ್ಲಿ ಮಾತ್ರ ಬರೆದಿಟ್ಟುಕೊಳ್ಳಬೇಡಿ. ಕ್ಲಿಂಗಾನ್‌ನ ರೋಮನ್ ಬರಹದಲ್ಲಿ ಚಿಕ್ಕ ‘ಕ್ಯೂ’ ಒಂದು ಧ್ವನಿ, ದೊಡ್ಡ ‘ಕ್ಯೂ’ ಇನ್ನೊಂದು ಧ್ವನಿ. ಅಕ್ಷರದ ಗಾತ್ರ ತಪ್ಪಿದರೆ ಪದವೇ ಬದಲಾಗುತ್ತದೆ. ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಅನೇಕ ಫಾಂಟ್‌ಗಳಲ್ಲಿ ಒಂದೇ ಗೆರೆಯಂತೆ ಕಾಣುವುದು ಮತ್ತೊಂದು ತೊಡಕು.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಕೆಡುವುದೂ ಇಲ್ಲಿಯೇ. ಚಿತ್ರವನ್ನು ಅಕ್ಷರವಾಗಿ ಪರಿವರ್ತಿಸುವ ತಂತ್ರಾಂಶ ಸ್ವರದ ಮೇಲಿನ ದೀರ್ಘ ಚಿಹ್ನೆಗಳನ್ನು ನುಂಗುತ್ತದೆ, ಕ್ಲಿಂಗಾನ್‌ನಲ್ಲಿ ಸ್ವತಂತ್ರ ವ್ಯಂಜನವಾದ ಮೇಲಲ್ಪವಿರಾಮವನ್ನು ಧೂಳೆಂದು ಬಿಟ್ಟುಬಿಡುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಬರುವ ಇಂಥ ಕಡತಗಳು ಹೆಚ್ಚಿನ ಪಾಲು ಕೃತಿಸ್ವಾಮ್ಯವನ್ನು ಉಲ್ಲಂಘಿಸುವಂಥವು ಕೂಡ.

ಟೋಲ್ಕಿನ್ ರೂಪಿಸಿದ ಟೆಂಗ್ವಾರ್ ಲಿಪಿಯ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಹಚ್ಚೆ ಹಾಕಿಸಿಕೊಳ್ಳಲು ಹೊರಟವರು. ಟೆಂಗ್ವಾರ್ ಫಾಂಟ್ ಇಳಿಸಿಕೊಂಡು ಕೀಲಿಮಣೆಯಲ್ಲಿ ಇಂಗ್ಲಿಷ್ ಹೆಸರು ಒತ್ತಿದರೆ ಬರುವುದು ಅರ್ಥವಿಲ್ಲದ ಅಕ್ಷರಸಾಲು. ಏಕೆಂದರೆ ಆ ಫಾಂಟ್‌ಗಳ ಕೀಲಿ ವಿನ್ಯಾಸ ರೋಮನ್ ಅಕ್ಷರಗಳ ಕ್ರಮವನ್ನು ಅನುಸರಿಸುವುದಿಲ್ಲ. ಮೇಲಾಗಿ ಭಾಷೆಗೊಂದು ಬರವಣಿಗೆಯ ಪದ್ಧತಿಯಿದೆ, ಅದನ್ನು ‘ಮೋಡ್’ ಎನ್ನುತ್ತಾರೆ. ಕ್ವೆನ್ಯಾ ಪದ್ಧತಿಯಲ್ಲಿ ಸ್ವರಚಿಹ್ನೆ ನಮ್ಮ ಕಾಗುಣಿತದ ಹಾಗೆ ಹಿಂದಿನ ವ್ಯಂಜನದ ಮೇಲೆ ಕೂರುತ್ತದೆ; ಸಿಂಡರಿನ್‌ನ ಸಾಮಾನ್ಯ ಪದ್ಧತಿಯಲ್ಲಿ ಮುಂದಿನ ವ್ಯಂಜನದ ಮೇಲೆ. ಯಾವ ಮೋಡ್ ಎಂದು ಹೇಳದ ಪರಿವರ್ತಕವನ್ನು ಚರ್ಮದ ಮೇಲೆ ಪ್ರಯೋಗಿಸಬೇಡಿ. ಹಚ್ಚೆಯಂಗಡಿಯವರ ಆಲ್ಬಂ ಲಿಪಿಯ ಆಕರವಲ್ಲ.

ಹಂತ 6: ಆ್ಯಪ್, ಅನುವಾದಕ ಮತ್ತು ಕೃತಕ ಬುದ್ಧಿಮತ್ತೆಯ ಮಿತಿ ತಿಳಿಯಿರಿ

ಡುವೊಲಿಂಗೊದಲ್ಲಿ ಹೈ ವಲೀರಿಯನ್ ಪಾಠಗಳು 2017ರಲ್ಲಿ, ಕ್ಲಿಂಗಾನ್ ಪಾಠಗಳು 2018ರಲ್ಲಿ ಬಂದವು. ವಲೀರಿಯನ್ ಪಾಠಗಳನ್ನು ಪೀಟರ್ಸನ್ ಅವರೇ ಸಿದ್ಧಪಡಿಸಿದ್ದರಿಂದ ಅದರ ಪದಗಳನ್ನು ಧೈರ್ಯವಾಗಿ ಕಲಿಯಬಹುದು. ಎರಡನ್ನೂ ಇಂಗ್ಲಿಷ್ ಮೂಲಕವೇ ಕಲಿಯಬೇಕು. ಇಂಥ ಆ್ಯಪ್‌ಗಳು ವಾಕ್ಯಗಳನ್ನು ಅಭ್ಯಾಸ ಮಾಡಿಸುತ್ತವೆ, ಕಾರಣಗಳನ್ನು ಹೇಳುವುದು ಕಡಿಮೆ. ಎಂಟು ವಿಭಕ್ತಿ, ನಾಲ್ಕು ಲಿಂಗ ಮತ್ತು ನಾಲ್ಕು ವಚನಗಳಿರುವ ವಲೀರಿಯನ್‌ಗೆ, ಅಥವಾ ಕರ್ಮ-ಕ್ರಿಯೆ-ಕರ್ತೃ ಎಂಬ ಕ್ರಮದ ಕ್ಲಿಂಗಾನ್‌ಗೆ, ಪಕ್ಕದಲ್ಲಿ ವ್ಯಾಕರಣವನ್ನು ಇಟ್ಟುಕೊಳ್ಳದೆ ಆ್ಯಪ್ ಸಾಲದು.

‘ಇಂಗ್ಲಿಷ್‌ನಿಂದ ಎಲ್ವಿಷ್‌ಗೆ’ ಎಂದು ಕ್ಷಣದಲ್ಲಿ ಅನುವಾದಿಸುವ ತಾಣಗಳನ್ನು ಒಟ್ಟಾರೆ ಬಿಟ್ಟುಬಿಡಿ. ಹೆಚ್ಚಿನವು ಪದಕ್ಕೆ ಪದ ಇಟ್ಟು ವಿಭಕ್ತಿಯನ್ನು ಮರೆಯುತ್ತವೆ. ಕೆಲವು ಫಾಂಟನ್ನಷ್ಟೇ ಬದಲಿಸುತ್ತವೆ. ಚಾಟ್‌ಬಾಟ್‌ಗಳು ಇನ್ನೊಂದು ಬಗೆಯಲ್ಲಿ ಅಪಾಯಕಾರಿ: ಅವು ಆ ಭಾಷೆಯ ನಾದಕ್ಕೆ ಸರಿಹೊಂದುವ, ಆದರೆ ಎಲ್ಲಿಯೂ ದಾಖಲಾಗಿರದ ಪದಗಳನ್ನು ಹೊಸೆದು ಕೊಡುತ್ತವೆ, ಮೂಲ ಕೇಳಿದರೆ ಮೂಲವನ್ನೂ ಹೊಸೆಯುತ್ತವೆ. ವ್ಯಾಕರಣದ ಪರಿಭಾಷೆಯನ್ನು ಅರ್ಥಮಾಡಿಕೊಳ್ಳಲು ಅವುಗಳನ್ನು ಬಳಸಿ; ಪದಕ್ಕಾಗಿ ಬಳಸಬೇಡಿ.

ಹಂತ 7: ಹಣ ಕೊಡುವ ಮುನ್ನ

ಕಿಂಗ್ಸ್ ಸರ್ಕಲ್‌ನ ಹಳೆ ಪುಸ್ತಕದ ಸಾಲು, ಫ್ಲೋರಾ ಫೌಂಟನ್ ಬಳಿಯ ಪಾದಚಾರಿ ದಾರಿ, ಪುಣೆಯ ಅಪ್ಪಾ ಬಳವಂತ ಚೌಕ: ಇವು ಹುಡುಕಾಟಕ್ಕೆ ಒಳ್ಳೆಯ ಜಾಗಗಳೇ. ಆದರೆ ಕೈಗೆ ಬಂದ ಪುಸ್ತಕದ ಮುದ್ರಣ ವಿವರದ ಪುಟ ನೋಡದೆ ದರ ಚೌಕಾಸಿಗೆ ಇಳಿಯಬೇಡಿ. ಕ್ಲಿಂಗಾನ್ ನಿಘಂಟಾದರೆ 1992 ಅಥವಾ ಅನಂತರದ ಆವೃತ್ತಿ ಬೇಕು, 1985ರದ್ದರಲ್ಲಿ ಅನುಬಂಧವಿಲ್ಲ. ಬೀದಿಬದಿಯ ಕಳ್ಳಮುದ್ರಣ ಕಾದಂಬರಿಯನ್ನು ಹೇಗೋ ಓದಬಹುದು. ಸ್ವರಚಿಹ್ನೆಗಳು ಮಸುಕಾದ ನಿಘಂಟು ರದ್ದಿಗೆ ಸಮ. ಡೊಥ್ರಾಕಿಗೆ ಪೀಟರ್ಸನ್ ಬರೆದ, 2014ರಲ್ಲಿ ಬಂದ ‘ಲಿವಿಂಗ್ ಲ್ಯಾಂಗ್ವೇಜ್ ಡೊಥ್ರಾಕಿ’ ಎಂಬ ಚಿಕ್ಕ ಪುಸ್ತಕವಿದೆ, ಆರಂಭಕ್ಕೆ ಅದು ಸಾಕು.

‘ಪ್ರಮಾಣಪತ್ರ ಸಹಿತ’ ಎಂದು ಜಾಹೀರಾತು ಕೊಡುವ ಆನ್‌ಲೈನ್ ತರಗತಿಗಳ ವಿಷಯದಲ್ಲಿ ಪ್ರಮಾಣಪತ್ರ ಕೊಡುವವರು ಯಾರೆಂದು ಕೇಳಿ. ಕ್ಲಿಂಗಾನ್‌ಗೆ ಮೇಲೆ ಹೇಳಿದ ಸಂಸ್ಥೆಯೇ ನಡೆಸುವ ಪರೀಕ್ಷೆಗಳಿವೆ. ಉಳಿದ ಪ್ರಮಾಣಪತ್ರಗಳಿಗೆ ಅವನ್ನು ಮುದ್ರಿಸಿದ ಕಾಗದದಷ್ಟೇ ಬೆಲೆ.

ಹಂತ 8: ನಿಮ್ಮದೇ ಪದಪುಸ್ತಕವನ್ನು ಆಕರ ಸಹಿತ ಬರೆಯಿರಿ

ಮೊದಲ ದಿನದಿಂದಲೇ ನಾಲ್ಕು ಅಂಕಣಗಳ ಪುಸ್ತಕವೊಂದನ್ನು ಇಡಿ: ಪದ (ಮೂಲದ ರೋಮನ್ ಬರಹದಲ್ಲಿ, ಚಿಹ್ನೆಗಳ ಸಹಿತ), ಕನ್ನಡ ಅರ್ಥ, ಆಕರ ಮತ್ತು ಪುಟ, ಸ್ಥಿತಿ. ಸ್ಥಿತಿಯ ಅಂಕಣದಲ್ಲಿ ದಾಖಲಿತ, ಪುನರ್ರಚಿತ ಅಥವಾ ನವರಚನೆ ಎಂದು ಬರೆಯಿರಿ. ಟೋಲ್ಕಿನ್ ಭಾಷೆಯಾದರೆ ಕಾಲಘಟ್ಟವನ್ನೂ ಸೇರಿಸಿ. ಅರ್ಥವನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ ಮೂಲ ಇಂಗ್ಲಿಷ್ ವಿವರಣೆಯನ್ನೂ ಪಕ್ಕದಲ್ಲಿ ಬರೆದಿಡುವುದು ಲೇಸು, ಆಮೇಲೆ ತಾಳೆ ನೋಡಲು ಅನುಕೂಲ.

ಸಂದೇಹ ಬಂದಾಗ ಆಯಾ ಭಾಷೆಯ ಕಲಿಕಾ ಗುಂಪಿನಲ್ಲಿ ಕೇಳಬಹುದು. ನಾವಿಗೆ ‘ಲರ್ನ್ ನಾವಿ’ ಸಮುದಾಯವಿದೆ, ಉಳಿದವಕ್ಕೂ ಅಂಥವು ಇವೆ. ‘ಇದು ಸರಿಯೇ’ ಎಂದಷ್ಟೇ ಕೇಳಿದರೆ ‘ಸರಿ’ ಎಂಬ ಉತ್ತರ ಬಂದೀತು, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ವಾಕ್ಯ, ಅದರಿಂದ ನೀವು ಹೇಳಬಯಸಿದ ಅರ್ಥ, ಪ್ರತಿ ಪದದ ಆಕರ, ಅನುಮಾನವಿರುವ ಪ್ರತ್ಯಯ ಇವಿಷ್ಟನ್ನೂ ಬರೆದು ಕೇಳಿ. ಹಚ್ಚೆಗಾಗಲಿ, ಮದುವೆಯ ಉಂಗುರದ ಮೇಲೆ ಕೆತ್ತಿಸುವುದಕ್ಕಾಗಲಿ ಬೇಕಾದ ಸಾಲಾದರೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರಿಂದ ಬೇರೆ ಬೇರೆಯಾಗಿ ಉತ್ತರ ಪಡೆಯಿರಿ, ಎರಡೂ ಕೂಡಿಬಂದ ಮೇಲೆ ಅಂಗಡಿಗೆ ಮುಂಗಡ ಕೊಡಿ.